ಮರಳಿಗೆ ದಾರಿ ಬಿಡುವ ರೈಲುದಾರಿ

(ಸಾರ್ವಜನಿಕ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಎರಡನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮರುಭೂಮಿಗೆ ಹೊಂದುವ ರೈಲು ನಿಲ್ದಾಣ ಅಂದ ತಕ್ಷಣ ಕಣ್ಣ ಮುಂದೆ ಬರುವ ಚಿತ್ರ ಹೆಚ್ಚುಕಮ್ಮಿ ಒಂದೇ. ಮರಳುದಿಬ್ಬದ ಹಾಗೆ ಬಳುಕುವ ಚಾವಣಿ, ಅದಕ್ಕೆ ಮರಳಿನ ಬಣ್ಣ, ಹಿಂದೆ ಮುಳುಗುವ ಸೂರ್ಯ. ನೋಡಲು ಚೆನ್ನಾಗಿರುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಆ ಚಿತ್ರದಲ್ಲಿ ಮರಳು ಅಲ್ಲಾಡುವುದೇ ಇಲ್ಲ. ನಿಜವಾದ ಮರುಭೂಮಿಯಲ್ಲಿ ಎಲ್ಲವೂ ಓಡಾಡುತ್ತಲೇ ಇರುತ್ತದೆ. ಗಾಳಿ ಬಂದರೆ ಮರಳು ಓಡುತ್ತದೆ. ಮಳೆ ಬಂದ ದಿನ ನೀರು ಓಡುತ್ತದೆ. ಮೇವು ಹುಡುಕುತ್ತಾ ಪ್ರಾಣಿಗಳು ನೂರಾರು ಕಿಲೋಮೀಟರ್ ಅಲೆಯುತ್ತವೆ. ರೈಲುದಾರಿ ಇಷ್ಟಕ್ಕೂ ಅಡ್ಡ ಎಳೆದ ಗೆರೆ.

ಹಾಗಾಗಿ ಚಾವಣಿಯ ಆಕಾರದ ಮಾತನ್ನು ಸ್ವಲ್ಪ ಹಿಂದಕ್ಕೆ ಇಡೋಣ. ಆ ಗೆರೆಯನ್ನು ಎಲ್ಲಿ ಎಳೆದಿದ್ದೀರಿ, ಎಷ್ಟು ಎತ್ತರಕ್ಕೆ ಎಳೆದಿದ್ದೀರಿ, ಅದರ ಮೇಲೆ ಕೆಳಗೆ ಏನೇನು ದಾಟಿ ಹೋಗಲು ಬಿಟ್ಟಿದ್ದೀರಿ ಅನ್ನುವುದರಲ್ಲೇ ಹೊಂದಿಕೆ ಮುಕ್ಕಾಲು ಪಾಲು ತೀರ್ಮಾನ ಆಗಿಬಿಡುತ್ತದೆ. ನನ್ನ ಮಾತು ಇದರ ಬಗ್ಗೆ.

ಮೊದಲು ಮರಳು. ಮರಳುಗಾಳಿ ಅಂದರೆ ಆಕಾಶವೆಲ್ಲ ಕೆಂಪಾಗುವ ದೃಶ್ಯ ನೆನಪಾಗುತ್ತದೆ, ಅಲ್ವಾ? ಆಕಾಶಕ್ಕೆ ಏರುವುದು ಬಹುಪಾಲು ಸಣ್ಣ ಧೂಳು. ಮರಳಿನ ಕಾಳು ಭಾರ. ಅದು ನೆಲದಿಂದ ಚಿಮ್ಮಿ, ಸ್ವಲ್ಪ ದೂರ ಹಾರಿ, ಬೀಳುತ್ತದೆ. ಬಿದ್ದ ಜಾಗದಲ್ಲಿ ಇನ್ನೊಂದಷ್ಟು ಕಾಳನ್ನು ಎಬ್ಬಿಸುತ್ತದೆ. ಹೀಗೆ ಕುಪ್ಪಳಿಸುತ್ತಾ ಹೋಗುವ ಮರಳಿನಲ್ಲಿ ಹೆಚ್ಚಿನದು ನಮ್ಮ ಮೊಣಕಾಲಿನ ಕೆಳಗೇ ಸಾಗುತ್ತದೆ. ಗಾಳಿಯ ವೇಗ ಎಲ್ಲಿ ಇಳಿಯುತ್ತದೋ ಅಲ್ಲಿ ಮರಳು ನಿಲ್ಲುತ್ತದೆ. ಇಷ್ಟು ಗೊತ್ತಿದ್ದರೆ ಉಳಿದ ಎಷ್ಟೋ ವಿಷಯ ತಾನಾಗಿ ಅರ್ಥವಾಗುತ್ತದೆ.

ನೆಲವನ್ನು ಬಗೆದು ಹಳಿಯನ್ನು ತಗ್ಗಿನಲ್ಲಿ ಹಾಕಿದರೆ ಏನಾಗುತ್ತದೆ? ದೂರದಿಂದ ನೋಡುವವರಿಗೆ ರೈಲೇ ಕಾಣುವುದಿಲ್ಲ, ನೋಟ ಕೆಡುವುದಿಲ್ಲ. ನಕ್ಷೆಯಲ್ಲಿ ಇದಕ್ಕಿಂತ ಸೌಮ್ಯವಾದ ಉಪಾಯ ಇಲ್ಲ ಅನಿಸುತ್ತದೆ. ಆದರೆ ಗಾಳಿ ಆ ತಗ್ಗಿಗೆ ಇಳಿದ ಕೂಡಲೇ ನಿಧಾನವಾಗುತ್ತದೆ, ಹೊತ್ತು ತಂದದ್ದನ್ನೆಲ್ಲ ಅಲ್ಲೇ ಸುರಿಯುತ್ತದೆ. ಮರಳು ನಾಡಿನಲ್ಲಿ ತಗ್ಗಿನ ಹಳಿ ಅಂದರೆ ತುಂಬಿಕೊಳ್ಳಲು ಕಾದಿರುವ ಕಾಲುವೆ. ಅದೇ ಹಳಿಯನ್ನು ಹೆಚ್ಚು ಎತ್ತರವಿಲ್ಲದ ಮಣ್ಣಿನ ಏರಿಯ ಮೇಲೆ ಇಟ್ಟು, ಏರಿಯ ಎರಡೂ ಬದಿಯನ್ನು ನಿಧಾನ ಇಳಿಜಾರಾಗಿ ಬಿಟ್ಟರೆ ಗಾಳಿ ಮೇಲೇರುವಾಗ ವೇಗ ಪಡೆಯುತ್ತದೆ. ಮರಳು ಹಳಿಯ ಮೇಲಿಂದ ದಾಟಿ ಹೋಗುತ್ತದೆ. ಕಣ್ಣಿಗೂ ಅದು ಹಿತವೇ. ಬಯಲಿನ ಏರಿಳಿತದಲ್ಲಿ ಅದೂ ಒಂದು ಏರಿಳಿತವಾಗಿ ಸೇರಿಕೊಳ್ಳುತ್ತದೆ.

ಮರಳು ಹಳಿಗೆ ಸೇರಿದರೆ ಗುಡಿಸಿದರಾಯಿತು ಅನ್ನುವ ಹಾಗಿಲ್ಲ. ಹಳಿಯ ಕೆಳಗಿನ ಜಲ್ಲಿ ರೈಲಿನ ಭಾರಕ್ಕೆ ಸ್ವಲ್ಪ ಬಾಗಿ ಮತ್ತೆ ಎದ್ದುಕೊಳ್ಳುತ್ತದೆ. ಆ ಸಂದುಗಳಲ್ಲಿ ಮರಳು ತುಂಬಿದರೆ ಜಲ್ಲಿ ಗಟ್ಟಿಯಾಗಿ ಕೂರುತ್ತದೆ. ಆಮೇಲೆ ಪೆಟ್ಟೆಲ್ಲ ಸ್ಲೀಪರಿಗೆ, ಹಳಿಗೆ, ಚಕ್ರಕ್ಕೆ. ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಪಾಯಿಂಟ್ಸ್‌ನಲ್ಲಿ ಮರಳು ಸಿಕ್ಕಿಕೊಂಡರೆ ಅವು ತಿರುಗುವುದೇ ಇಲ್ಲ. ನಮೀಬಿಯಾದ ಲೂಡರಿಟ್ಸ್ ಹತ್ತಿರದ ದಾರಿಯಲ್ಲಿ ಹಳಿಯ ಮೇಲಿನ ಮರಳು ಎತ್ತುವುದೇ ಕೆಲಸಗಾರರ ಮುಖ್ಯ ಕೆಲಸವಾಗಿತ್ತು. 1908ರಲ್ಲಿ ಹಾಗೆ ಮರಳು ಎತ್ತುತ್ತಿದ್ದ ಝಕಾರಿಯಸ್ ಲೆವಾಲಾ ಅನ್ನುವ ಕೆಲಸಗಾರನಿಗೆ ವಜ್ರ ಸಿಕ್ಕಿತು. ಅಲ್ಲಿನ ವಜ್ರದ ಗಣಿಗಾರಿಕೆ ಶುರುವಾದದ್ದು ಹೀಗೆ. ವಜ್ರದ ಕಥೆ ಎಲ್ಲರೂ ಹೇಳುತ್ತಾರೆ. ಆ ಮನುಷ್ಯನ ಕೈಯಲ್ಲಿ ಸನಿಕೆ ಯಾಕಿತ್ತು ಅನ್ನುವುದು ಹಳಿ ಹಾಕುವ ನಮಗೆ ಮುಖ್ಯ.

ಮರಳನ್ನು ಗೋಡೆ ಕಟ್ಟಿ ತಡೆಯಬಹುದಲ್ಲ ಅಂತ ಕೇಳುತ್ತಾರೆ. ಗಟ್ಟಿ ಗೋಡೆ ಗಾಳಿಯನ್ನು ಸುಳಿಯಾಗಿಸುತ್ತದೆ, ಗೋಡೆಯ ಎರಡೂ ಬದಿ ಮರಳು ರಾಶಿಯಾಗುತ್ತದೆ. ಸ್ವಲ್ಪ ಕಾಲಕ್ಕೆ ಆ ರಾಶಿಯೇ ಏರುದಾರಿಯಾಗಿ ಮರಳು ಗೋಡೆ ಹತ್ತಿ ಇಳಿಯುತ್ತದೆ. ಹತ್ತಿರ ಹತ್ತಿರ ಅರ್ಧದಷ್ಟು ತೆರಪು ಇರುವ ಬೇಲಿ ಇದಕ್ಕಿಂತ ಎಷ್ಟೋ ವಾಸಿ. ಗಾಳಿ ತೂರಿ ಹೋಗುತ್ತದೆ, ಸುಸ್ತಾಗುತ್ತದೆ, ಮರಳನ್ನು ಹಳಿಗೆ ಬರುವ ಮೊದಲೇ ಉದ್ದಕ್ಕೆ ಹರಡಿ ಬಿಡುತ್ತದೆ.

ಈ ವಿಷಯದಲ್ಲಿ ನನಗೆ ಬಹಳ ಇಷ್ಟವಾದ ಕೆಲಸ ಚೀನಾದ ಶಾಪೊತೌನಲ್ಲಿದೆ. ತೆಂಗರ್ ಮರುಭೂಮಿಯ ಅಂಚು ಅದು. ಬಾವೊತೌನಿಂದ ಲಾನ್‌ಝೌಗೆ ಹೋಗುವ ರೈಲುದಾರಿ 1958ರಲ್ಲಿ ಅಲ್ಲಿನ ದೊಡ್ಡ ದೊಡ್ಡ ದಿಬ್ಬಗಳ ನಡುವೆ ಹಾದು ಹೋಯಿತು. ಹಳಿ ಉಳಿಸಿಕೊಳ್ಳಲು ಅಲ್ಲಿನವರು ಹಿಡಿದದ್ದು ಗೋಧಿ ಹುಲ್ಲು. ಕೆಲಸ ಹೇಗೆ ನಡೆಯುತ್ತದೆ ಅಂತ ಹತ್ತಿರದಿಂದ ನೋಡಿ. ಮರಳಿನ ಮೇಲೆ ಹುಲ್ಲನ್ನು ಒಂದು ಸಾಲಾಗಿ ಅಡ್ಡಡ್ಡ ಹಾಸುತ್ತಾರೆ. ಸನಿಕೆಯ ಮೊಂಡು ಅಂಚನ್ನು ಹುಲ್ಲಿನ ನಡುಮಧ್ಯಕ್ಕೆ ಇಟ್ಟು ಒತ್ತುತ್ತಾರೆ. ಹುಲ್ಲಿನ ನಡು ಮರಳಿನೊಳಗೆ ಇಳಿಯುತ್ತದೆ, ಎರಡು ತುದಿ ಮೇಲಕ್ಕೆ ಎದ್ದು ನಿಲ್ಲುತ್ತವೆ. ಆಮೇಲೆ ಬುಡಕ್ಕೆ ಎರಡೂ ಕಡೆಯಿಂದ ಮರಳು ಸರಿಸುತ್ತಾರೆ. ನೆಲದ ಮೇಲೆ ಕಾಣುವುದು ಒಂದು ಗೇಣಿಗೂ ಕಡಿಮೆ. ಹೀಗೆ ಉದ್ದಕ್ಕೂ ಅಡ್ಡಕ್ಕೂ ಸಾಲು ಹಾಕಿ 1 ಮೀಟರ್ ಅಳತೆಯ ಚೌಕಗಳನ್ನು ಮಾಡುತ್ತಾರೆ. ಚೌಕದ ಒಳಗೆ ಗಾಳಿಗೆ ಬಲ ಇರುವುದಿಲ್ಲ. ಹುಲ್ಲು ನಾಲ್ಕೈದು ವರ್ಷದಲ್ಲಿ ಕೊಳೆತು ಹೋಗುತ್ತದೆ. ಅಷ್ಟರಲ್ಲಿ ನೆಟ್ಟ ಪೊದೆಗಳು ಬೇರು ಬಿಟ್ಟಿರುತ್ತವೆ. ಮರಳಿನ ಮೇಲೆ ಪಾಚಿಯಂಥ ಸೂಕ್ಷ್ಮ ಜೀವಿಗಳ ತೆಳ್ಳನೆ ಹೆಪ್ಪು ಕಟ್ಟಲು ಶುರುವಾಗಿರುತ್ತದೆ. ಆಮೇಲೆ ನೆಲ ತನ್ನನ್ನು ತಾನೇ ಹಿಡಿದುಕೊಳ್ಳುತ್ತದೆ.

ಇದನ್ನು ವಾಸ್ತುಶಿಲ್ಪ ಅಂತ ಕರೆಯಬಹುದೇ ಅಂದರೆ, ನಾನಂತೂ ಖಂಡಿತ ಕರೆಯುತ್ತೇನೆ. ಮೈಲಿಗಟ್ಟಲೆ ಹರಡಿರುವ, ದಿಬ್ಬದ ಪ್ರತಿ ಏರಿಳಿತವನ್ನೂ ಹಿಂಬಾಲಿಸುವ, ಕೈಯಿಂದ ಮಾಡಿದ, ಕೆಲಸ ಮುಗಿದ ಮೇಲೆ ಮಣ್ಣಾಗುವ ರಚನೆ ಅದು. ಮರುಭೂಮಿಗೆ ಇಷ್ಟು ಹೊಂದಿದ ಇನ್ನೊಂದು ರೈಲ್ವೆ ಕಟ್ಟೋಣ ನನಗೆ ಗೊತ್ತಿಲ್ಲ. ಥಾರ್ ಮರುಭೂಮಿಯಲ್ಲೂ ಜೋಧಪುರದ ಕೇಂದ್ರೀಯ ಶುಷ್ಕ ವಲಯ ಸಂಶೋಧನಾ ಸಂಸ್ಥೆ ಹೀಗೇ ಒಣ ಕಡ್ಡಿ ಪೊದೆಗಳನ್ನು ಸಾಲು ಸಾಲಾಗಿ, ಚೌಕ ಚೌಕವಾಗಿ ಹೂತು ದಿಬ್ಬ ನಿಲ್ಲಿಸುವ ಪದ್ಧತಿ ರೂಪಿಸಿತು.

ಮರಳು ತೀರಾ ಜಾಸ್ತಿ ಇದ್ದಲ್ಲಿ ಇಡೀ ಹಳಿಯನ್ನೇ ಮೇಲೆತ್ತಬಹುದು. 2022ರಲ್ಲಿ ಶುರುವಾದ ಹೋಟನ್–ರುವೊಚ್ಯಾಂಗ್ ರೈಲುದಾರಿ ತಕ್ಲಾಮಕಾನ್ ಮರುಭೂಮಿಯ ದಕ್ಷಿಣ ಅಂಚಿನಲ್ಲಿ 825 ಕಿ.ಮೀ. ಓಡುತ್ತದೆ. ಅದರಲ್ಲಿ ಹತ್ತಿರ ಹತ್ತಿರ 50 ಕಿ.ಮೀ. ಸೇತುವೆಯೇ. ಕೆಳಗೆ ಹೊಳೆ ಇಲ್ಲ, ಮರಳು ಹರಿಯಲಿ ಅಂತ ಕಟ್ಟಿದ ಸೇತುವೆಗಳು ಅವು. ಖರ್ಚು ಜಾಸ್ತಿ, ಎಲ್ಲ ಕಡೆ ಆಗುವ ಮಾತಲ್ಲ. ಆದರೆ ಆಲೋಚನೆ ನೇರವಾಗಿದೆ.

ಇನ್ನು ನೀರು. ಮರುಭೂಮಿಯ ರೈಲನ್ನು ಮರಳಿನ ಹಾಗೆ ನೀರೂ ಕಾಡಿದೆ ಅಂದರೆ ಕೆಲವರಿಗೆ ಆಶ್ಚರ್ಯ. ಆಸ್ಟ್ರೇಲಿಯಾದ ಹಳೆಯ ಘಾನ್ ರೈಲುದಾರಿ ನೋಡಿ. 1891ಕ್ಕೆ ಊಡ್ನಡಾಟಾ ತಲುಪಿತು, 1929ಕ್ಕೆ ಆಲಿಸ್ ಸ್ಪ್ರಿಂಗ್ಸ್. ಉಗಿ ಎಂಜಿನ್ನಿಗೆ ನೀರು ಬೇಕಲ್ಲ, ಅದಕ್ಕೆ ನೀರಿನ ಬುಗ್ಗೆಗಳ ಜಾಡು ಹಿಡಿದು ಹೋದರು. ನೀರು ಇರುವ ಕಡೆಯೇ ಪ್ರವಾಹವೂ ಬರುತ್ತದೆ. ವರ್ಷಗಟ್ಟಲೆ ಒಣಗಿ ಬಿದ್ದಿದ್ದ ಹಳ್ಳಗಳು ಒಂದೇ ಮಳೆಗೆ ತುಂಬಿ ಹಳಿ ಕೊಚ್ಚಿಕೊಂಡು ಹೋಗುತ್ತಿದ್ದವು. ರೈಲು ದಿನಗಟ್ಟಲೆ, ಕೆಲವು ಸಲ ವಾರಗಟ್ಟಲೆ ನಡುದಾರಿಯಲ್ಲಿ ನಿಂತಿರುತ್ತಿತ್ತು. ಸಾಲದ್ದಕ್ಕೆ ಮರದ ಸ್ಲೀಪರುಗಳಿಗೆ ಗೆದ್ದಲು. ಕೊನೆಗೆ 1980ರಲ್ಲಿ ಆ ದಾರಿ ಬಿಟ್ಟು, ಸುಮಾರು 160 ಕಿ.ಮೀ. ಪಶ್ಚಿಮಕ್ಕೆ ಕಾಂಕ್ರೀಟ್ ಸ್ಲೀಪರುಗಳ ಹೊಸ ದಾರಿಗೆ ಹೋದರು.

ಆದರೆ ಹಳ್ಳ ತುಂಬಿ ಬರುವ ನೀರು ಕಣ್ಣಿಗೆ ಕಾಣುತ್ತದೆ. ಕಾಣದ ನೀರು ಇನ್ನೊಂದಿದೆ. ಒಣ ಬಯಲು ನಮಗೆ ಚಪ್ಪಟೆ ಅನಿಸುತ್ತದೆ, ಅದಕ್ಕೂ ಚೂರು ವಾಲು ಇರುತ್ತದೆ. ಮಳೆ ಬಂದರೆ, ಸ್ವಲ್ಪ ಓರೆಯಾಗಿ ಹಿಡಿದ ತಟ್ಟೆಯ ಮೇಲೆ ನೀರು ಸುರಿದ ಹಾಗೆ, ಇಡೀ ಬಯಲಿನ ಮೇಲೆ ತೆಳ್ಳನೆ ಪದರವಾಗಿ ಹರಿಯುತ್ತದೆ. ಪಶ್ಚಿಮ ಆಸ್ಟ್ರೇಲಿಯಾದ ಪಿಲ್ಬರಾದಲ್ಲಿ ಮುಲ್ಗಾ ಅನ್ನುವ ಜಾಲಿ ಜಾತಿಯ ಮರಗಳು ಬದುಕುವುದು ಈ ಪದರದ ನೀರಿನಿಂದ. ಅದಿರು ಸಾಗಿಸುವ ರೈಲಿನ ಏರಿ ಅಡ್ಡ ಬಂದರೆ ಮೇಲುಬದಿಯಲ್ಲಿ ನೀರು ನಿಲ್ಲುತ್ತದೆ, ಕೆಳಬದಿಯ ಮರಗಳು ಒಣಗುತ್ತವೆ. ಹಳ್ಳ ಇರುವಲ್ಲಿ ಒಂದು ದೊಡ್ಡ ಸೇತುವೆ ಕಟ್ಟಿದರೆ ಇದು ಸರಿಹೋಗುವುದಿಲ್ಲ. ಉದ್ದಕ್ಕೂ ಹತ್ತಿರ ಹತ್ತಿರ ಸಣ್ಣ ಸಣ್ಣ ಮೋರಿ ಬೇಕು. ಮೋರಿಯ ಬಾಯಿಂದ ಹೊರಬಂದ ನೀರು ಮತ್ತೆ ಹರಡಿಕೊಳ್ಳುವ ಹಾಗೆ ಕಲ್ಲು ಹಾಸಬೇಕು. ಹೆಸರೇ ಇಲ್ಲದ, ಫೋಟೋದಲ್ಲಿ ಕಾಣದ ಈ ಮೋರಿಗಳ ಮೇಲೆ ಒಂದು ಕಾಡಿನ ಬದುಕು ನಿಂತಿದೆ.

ಪ್ರಾಣಿಗಳ ವಿಷಯವೂ ಹೀಗೆಯೇ. ಮಂಗೋಲಿಯಾದ ಗೋಬಿ ದಾಟುವ ರೈಲುದಾರಿ 1956ರಿಂದ ಇದೆ. ದನಕರು ಹಳಿಗೆ ಬರದಿರಲಿ ಅಂತ ಎರಡೂ ಬದಿ ತಂತಿಬೇಲಿ ಹಾಕಿದರು. ಉದ್ದೇಶ ಒಳ್ಳೆಯದೇ. ಆದರೆ ಖುಲಾನ್ ಅನ್ನುವ ಕಾಡುಕತ್ತೆಗಳು ಬೇಲಿಯ ಆಚೆ ಹೋಗಲಾರದೆ ಒಂದೇ ಬದಿಗೆ ಉಳಿದವು. ಕೆಲವು ಕಡೆ ಬೇಲಿ ತೆಗೆದು ನೋಡಿದ ಮೇಲೆ, 2020ರಲ್ಲಿ, ಸುಮಾರು 65 ವರ್ಷದ ನಂತರ ಖುಲಾನ್ ಹಳಿ ದಾಟಿದ್ದು ದಾಖಲಾಯಿತು. ಒಂದು ಇಟ್ಟಿಗೆ ಇಡಲಿಲ್ಲ, ಸುಮ್ನೆ ತಂತಿ ತೆಗೆದರು ಅಷ್ಟೇ. ವಿನ್ಯಾಸ ಅಂದರೆ ಸೇರಿಸುವುದು ಅಂತ ನಾವು ಕಲಿತಿರುತ್ತೇವೆ. ಇಲ್ಲಿ ತೆಗೆದದ್ದೇ ವಿನ್ಯಾಸ.

ಈಗ ನಿಲ್ದಾಣಕ್ಕೆ ಬರೋಣ.

ಬೇರೆ ಕಟ್ಟಡ ಕಟ್ಟುವವರಿಗೆ ಇರುವ ಒಂದು ಸ್ವಾತಂತ್ರ್ಯ ನಿಲ್ದಾಣ ಕಟ್ಟುವವರಿಗೆ ಇಲ್ಲ. ಮನೆಯನ್ನು ಯಾವ ದಿಕ್ಕಿಗೆ ಬೇಕಾದರೂ ತಿರುಗಿಸಬಹುದು. ಪ್ಲಾಟ್‌ಫಾರಂ ಹಳಿಯ ಪಕ್ಕದಲ್ಲೇ, ಹಳಿಯ ದಿಕ್ಕಿಗೇ ಇರಬೇಕು. ಆ ದಿಕ್ಕನ್ನು ಸರ್ವೇಯರ್ ಎಂದೋ ತೀರ್ಮಾನಿಸಿರುತ್ತಾನೆ. ಹಾಗಾಗಿ ನೆರಳಿನ ಲೆಕ್ಕ ಹಳಿಯಿಂದ ಶುರುವಾಗಬೇಕು.

ಹಳಿ ಉತ್ತರ–ದಕ್ಷಿಣ ಇದೆ ಅಂದುಕೊಳ್ಳಿ. ಪ್ಲಾಟ್‌ಫಾರಮ್ಮಿನ ಉದ್ದನೆ ಮಗ್ಗುಲುಗಳು ಪೂರ್ವಕ್ಕೂ ಪಶ್ಚಿಮಕ್ಕೂ ತೆರೆದಿರುತ್ತವೆ. ಚಾವಣಿಯ ಅಂಚು 5 ಮೀಟರ್ ಎತ್ತರದಲ್ಲಿದೆ. ಸೂರ್ಯ ನೆಲದಿಂದ 30 ಡಿಗ್ರಿ ಮೇಲೆ ಇರುವಾಗ ಬಿಸಿಲು ಆ ಅಂಚಿನ ಕೆಳಗಿನಿಂದ ಸುಮಾರು 8.7 ಮೀಟರ್ ಒಳಗೆ ನುಗ್ಗುತ್ತದೆ. ಅಂದರೆ 8 ಮೀಟರ್ ಅಗಲದ ಪ್ಲಾಟ್‌ಫಾರಂ ಪೂರ್ತಿ ಬಿಸಿಲಲ್ಲಿ. ಸಂಜೆ ನಾಲ್ಕರ ಹೊತ್ತು, ಗಾಳಿಯೂ ಕಾದಿರುತ್ತದೆ, ಕೂತ ಬೆಂಚಿನ ಮೇಲೆ ಬಿಸಿಲು ಬರುತ್ತದೆ. ಕೋಟಿಗಟ್ಟಲೆ ಖರ್ಚು ಮಾಡಿದ ಚಾವಣಿ ಆ ಹೊತ್ತಿಗೆ ನೆರಳು ಬೀಳಿಸುವುದು ಆಚೆಬದಿಯ ಹಳಿಯ ಮೇಲೆ. ಇಂಥ ಕಡೆ ಬೇಕಾದದ್ದು ನಿಂತ ಜಾಲಂಧ್ರ, ಆಳುದ್ದದ ಅಡ್ಡಗೋಡೆ, ಬೆಂಚಿನ ಬೆನ್ನಿಗೆ ಎತ್ತರದ ಕಲ್ಲು. ಚಾವಣಿಯನ್ನು ತಗ್ಗಿಸಬೇಕು.

ಹಳಿ ಪೂರ್ವ–ಪಶ್ಚಿಮ ಇದ್ದರೆ ಕೆಲಸ ಸುಲಭ. ಕರ್ಕಾಟಕ ವೃತ್ತದ ಆಸುಪಾಸಿನ ಮರುಭೂಮಿಗಳಲ್ಲಿ ಬೇಸಿಗೆಯ ನಡುಹಗಲು ಸೂರ್ಯ ನೆತ್ತಿಯ ಮೇಲಿರುತ್ತಾನೆ, ಮೇಲಿನ ಚಾವಣಿ ಸಾಕು. ಚಳಿಗಾಲದಲ್ಲಿ ದಕ್ಷಿಣಕ್ಕೆ ವಾಲಿದ ಬಿಸಿಲು ಒಳಗೆ ಬರುತ್ತದೆ, ಬರಲಿ. ಮರುಭೂಮಿಯ ಚಳಿಗಾಲದ ಬೆಳಗು ಮೂಳೆ ಕೊರೆಯುತ್ತದೆ. ಒಂದೇ ಮರುಭೂಮಿ, ಒಂದೇ ರೈಲ್ವೆ, ಆದರೂ ಎರಡು ನಿಲ್ದಾಣಗಳು ಬೇರೆ ಬೇರೆಯಾಗಿ ಕಾಣಬೇಕು. ಒಂದೇ ನಕ್ಷೆಯನ್ನು ದಾರಿಯುದ್ದಕ್ಕೂ ಮತ್ತೆ ಮತ್ತೆ ಕಟ್ಟುವ ಅಭ್ಯಾಸ ಇಲ್ಲಿಯೇ ಸೋಲುವುದು.

ಗೋಡೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅರ್ಧ ಮೀಟರ್ ದಪ್ಪದ ಕಲ್ಲಿನ ಗೋಡೆಯಲ್ಲಿ ಮಧ್ಯಾಹ್ನದ ಬಿಸಿ ಒಳಮೈ ತಲುಪಲು ಹತ್ತು ಹನ್ನೆರಡು ಗಂಟೆ ಬೇಕು. ಅಷ್ಟರಲ್ಲಿ ರಾತ್ರಿಯಾಗಿ ಹೊರಗೆ ತಣ್ಣಗಾಗಿರುತ್ತದೆ. ಹಳಬರಿಗೆ ಇದು ಗೊತ್ತಿತ್ತು. ಒಟ್ಟೊಮನ್ ಆಡಳಿತ 1900ರಿಂದ 1908ರ ನಡುವೆ ಡಮಾಸ್ಕಸ್‌ನಿಂದ ಮದೀನಾಕ್ಕೆ ಕಟ್ಟಿದ ಹಿಜಾಜ್ ರೈಲ್ವೆಯ ನಿಲ್ದಾಣಗಳು ಇದಕ್ಕೆ ಒಳ್ಳೆಯ ಸಾಕ್ಷಿ. ಸುಮಾರು 1,300 ಕಿ.ಮೀ. ದಾರಿ. ಸಣ್ಣ ಸಣ್ಣ ಕಲ್ಲಿನ ಕಟ್ಟಡಗಳು, ಚಿಕ್ಕ ಕಿಟಕಿ, ದಪ್ಪ ಗೋಡೆ, ಒಳಗೆ ನೀರಿನ ತೊಟ್ಟಿ. ಕಲ್ಲು ಆಯಾ ಜಾಗದ್ದೇ. ಮೊದಲ ಮಹಾಯುದ್ಧದಲ್ಲಿ ಹಳಿ ಹಾಳಾಯಿತು. ನಿಲ್ದಾಣಗಳು ಎಷ್ಟೋ ಕಡೆ ಇನ್ನೂ ನಿಂತಿವೆ. ಜೈಸಲ್ಮೇರ್ ನಿಲ್ದಾಣದಲ್ಲೂ ಆ ಊರಿನ ಕೋಟೆಯ ಹಳದಿ ಕಲ್ಲೇ ಇದೆ.

ಅಮೆರಿಕದ ಮೊಹಾವೆ ಮರುಭೂಮಿಯಲ್ಲಿ ಕೆಲ್ಸೊ ಅನ್ನುವ ನಿಲ್ದಾಣ 1924ರಲ್ಲಿ ಎದ್ದಿತು. ಘಾಟಿ ಹತ್ತಲು ಜೋಡಿಸುವ ಹೆಚ್ಚುವರಿ ಎಂಜಿನ್ನುಗಳು ಅಲ್ಲಿ ನಿಲ್ಲುತ್ತಿದ್ದವು. ಕೆಲಸಗಾರರಿಗೆ ಊಟ, ಮಲಗಲು ಕೋಣೆ ಅಲ್ಲೇ. ಕಮಾನುಗಳ ಕೈಸಾಲೆ ಅದರ ಜೀವ. ಬಿಸಿಲಿನಿಂದ ಬಂದವರು ನೇರ ಕೋಣೆಗೆ ನುಗ್ಗುವುದಿಲ್ಲ, ಮೊದಲು ಕೈಸಾಲೆಯ ನೆರಳಲ್ಲಿ ಕಣ್ಣು ಹೊಂದಿಸಿಕೊಳ್ಳುತ್ತಾರೆ. 1985ರಲ್ಲಿ ಮುಚ್ಚಿತು, ಕೆಡವುವ ಮಾತೂ ಬಂತು, ಜನ ಬಿಡಲಿಲ್ಲ. 2005ರಲ್ಲಿ ಅದು ಪ್ರವಾಸಿಗರ ಮಾಹಿತಿ ಕೇಂದ್ರವಾಗಿ ಮತ್ತೆ ತೆರೆಯಿತು.

ಅದೇ ದೇಶದಲ್ಲಿ ಸಾಂಟಾ ಫೆ ರೈಲ್ವೆಗಾಗಿ ಕೆಲಸ ಮಾಡಿದ ಮೇರಿ ಕೋಲ್ಟರ್ ಅನ್ನುವ ವಾಸ್ತುಶಿಲ್ಪಿಯನ್ನು ಇಲ್ಲಿ ನೆನೆಯಲೇಬೇಕು. ವಿನ್ಸ್ಲೊದಲ್ಲಿ 1930ರಲ್ಲಿ ಅವರು ಕಟ್ಟಿದ ಲಾ ಪೊಸಾಡಾ ರೈಲಿಗೆ ಮುಖ ಮಾಡಿ ನಿಂತ ಹೋಟೆಲು. ನನಗೆ ಅವರ ಇನ್ನೊಂದು ಕೆಲಸ ಹೆಚ್ಚು ಇಷ್ಟ. ಗ್ರ್ಯಾಂಡ್ ಕ್ಯಾನ್ಯನ್ ಅಂಚಿನಲ್ಲಿ 1932ರ ಕಾವಲುಗೋಪುರ. ಒಳಗಿನ ಉಕ್ಕಿನ ಚೌಕಟ್ಟು ರೈಲ್ವೆಯ ಸೇತುವೆ ವಿಭಾಗದ್ದು. ಹೊರಗಿನ ಕಲ್ಲನ್ನು ಉಳಿಯಿಂದ ತಿದ್ದಲು ಕೋಲ್ಟರ್ ಬಿಡಲಿಲ್ಲ. ಉಳಿ ತಾಗಿದ ಕಡೆ ಹೊಸ ಬಣ್ಣ ಕಾಣುತ್ತದೆ, ಬಿಸಿಲು ಮಳೆ ತಿಂದ ಹಳೆಯ ಮೈ ಹೋಗುತ್ತದೆ. ಅದಕ್ಕೆ ಬಿದ್ದ ಹಾಗೇ ಸರಿಹೊಂದುವ ಕಲ್ಲುಗಳನ್ನು ಹುಡುಕಿ ಹುಡುಕಿ ಜೋಡಿಸಿದರು. ಮರಳಿನ ಬಣ್ಣ ಅಂತ ಡಬ್ಬಿಯಲ್ಲಿ ಸಿಗುವ ಪೇಂಟು ಬಳಿಯುವವರು ಇದನ್ನು ನೋಡಬೇಕು. ಮರುಭೂಮಿಗೆ ಒಂದೇ ಬಣ್ಣ ಅಂತ ಇಲ್ಲ. ಆಸ್ಟ್ರೇಲಿಯಾದಲ್ಲಿ ಕೆಂಪು, ಅರೇಬಿಯಾದ ಜ್ವಾಲಾಮುಖಿ ಬಯಲುಗಳಲ್ಲಿ ಕಪ್ಪು, ಜಿಪ್ಸಮ್ ಇರುವಲ್ಲಿ ಅಚ್ಚ ಬಿಳಿ.

ಹಾಗಾದರೆ ದೊಡ್ಡ ಹೊಸ ನಿಲ್ದಾಣಗಳು ಬೇಡವೇ? ಹಾಗಲ್ಲ. ಮೆಕ್ಕಾ ಮತ್ತು ಮದೀನಾ ನಡುವೆ 2018ರಲ್ಲಿ ಶುರುವಾದ ಹರಮೈನ್ ವೇಗದ ರೈಲು 450 ಕಿ.ಮೀ. ದಾರಿಯಲ್ಲಿ ಗಂಟೆಗೆ 300 ಕಿ.ಮೀ.ವರೆಗೆ ಓಡುತ್ತದೆ. ಅದರ ನಿಲ್ದಾಣಗಳನ್ನು ಫಾಸ್ಟರ್ ಆ್ಯಂಡ್ ಪಾರ್ಟ್‌ನರ್ಸ್ ಮತ್ತು ಬ್ಯೂರೊ ಹ್ಯಾಪೋಲ್ಡ್ ಸೇರಿ ರೂಪಿಸಿದರು. ಕಮಾನಿನ ಒಂದೇ ಘಟಕ ಮರದ ಸಾಲಿನಂತೆ ಮತ್ತೆ ಮತ್ತೆ ಬರುತ್ತದೆ. ಸಾವಿರಾರು ಯಾತ್ರಿಕರು ಒಟ್ಟಿಗೆ ಬಂದಿಳಿಯುವ ಜಾಗಕ್ಕೆ ಆ ದೊಡ್ಡ ನೆರಳು ಬೇಕೇ ಬೇಕು. ರಿಯಾದ್ ಮೆಟ್ರೊದಲ್ಲಿ ಝಾಹಾ ಹದಿದ್ ಆರ್ಕಿಟೆಕ್ಟ್ಸ್ ಮಾಡಿದ ನಿಲ್ದಾಣದ ಹೊರಮೈ ಗಾಳಿ ಮರಳಿನ ಮೇಲೆ ಬರೆಯುವ ಅಲೆಗಳ ಹಾಗಿದೆ. ಹೊರಮೈಯ ತೂತುಗಳು ಬಿಸಿಲನ್ನೂ ಕಡಿಮೆ ಮಾಡುತ್ತವೆ. ಆಕಾರಕ್ಕೆ ಕೆಲಸ ಇದೆ, ಅದಕ್ಕೆ ನಾನು ಒಪ್ಪುತ್ತೇನೆ. ಆದರೆ ನಡು ಬಯಲಿನಲ್ಲಿ ದಿನಕ್ಕೆ ಎರಡು ರೈಲು ನಿಲ್ಲುವ ನಿಲ್ದಾಣಕ್ಕೆ ಇದನ್ನೇ ಸಣ್ಣದು ಮಾಡಿ ತರಬೇಡಿ. ಅಲ್ಲಿ ಇಡೀ ಹಜಾರ ತಂಪು ಮಾಡಬೇಕಿಲ್ಲ, ಇಪ್ಪತ್ತು ನಿಮಿಷ ಕಾಯುವ ಹತ್ತು ಜನಕ್ಕೆ ತಂಪು ಇದ್ದರೆ ಸಾಕು.

ರಾತ್ರಿಯ ಬಗ್ಗೆ ಒಂದು ಮಾತು. ಮರುಭೂಮಿಯ ಕತ್ತಲಲ್ಲಿ ನಿಲ್ದಾಣದ ಬಿಳಿ ದೀಪ ತುಂಬಾ ದೂರಕ್ಕೆ ಕಾಣುತ್ತದೆ, ನಕ್ಷತ್ರ ಅಳಿಸುತ್ತದೆ, ಹುಳುಗಳನ್ನು ಸೆಳೆಯುತ್ತದೆ. ದೀಪಕ್ಕೆ ಮೇಲುಮುಚ್ಚಳ ಇರಲಿ, ಬೆಳಕು ಹಳದಿ ಇರಲಿ, ರೈಲಿಲ್ಲದ ಹೊತ್ತು ಮಂಕಾಗಲಿ. ಖರ್ಚಿಲ್ಲದ ಕೆಲಸ ಇದು.

ಇನ್ನು ಪ್ರಶ್ನೆಗಳು. ಯಾವ ಗಿಡ ನೆಡಬೇಕು ಅಂತ ಒಬ್ಬರು ಕೇಳಿದರು. ಅಲ್ಲಿ ಮೊದಲಿನಿಂದ ಇದ್ದದ್ದನ್ನೇ ನೆಡಿ. ಥಾರ್‌ನಲ್ಲಿ ಖೇಜ್ರಿ ಇದೆ, ನಮ್ಮ ಬನ್ನಿ ಮರವೇ ಅದು. ಬೇರು ಬಹಳ ಆಳಕ್ಕೆ ಇಳಿಯುತ್ತದೆ, ಕೆಳಗೆ ಬೆಳೆ ಬೆಳೆಯಲು ಬಿಡುತ್ತದೆ. ಬೇಗ ಹಸಿರಾಗಲಿ ಅಂತ ಬಳ್ಳಾರಿ ಜಾಲಿ ತಂದವರು ಆಮೇಲೆ ಅದನ್ನು ಕಿತ್ತು ಮುಗಿಸಲಾರದೆ ಒದ್ದಾಡಿದ್ದಾರೆ. ನಿಲ್ದಾಣದ ಮುಂದೆ ಹುಲ್ಲುಹಾಸು ಮಾತ್ರ ಬೇಡ. ಅದಕ್ಕೆ ಹಾಕುವ ನೀರನ್ನು ಜನರಿಗೆ ಕುಡಿಯಲು ಇಡಿ.

ಇನ್ನೊಬ್ಬರು, ಬಹುಶಃ ಎಂಜಿನಿಯರಿಂಗ್ ಓದುತ್ತಿರುವ ಹುಡುಗಿ, ನಕ್ಷೆಯಲ್ಲಿ ಮೊದಲು ಏನು ಬರೆಯುತ್ತೀರಿ ಅಂತ ಕೇಳಿದಳು. ಹಳಿ ನೋಡಿಕೊಳ್ಳುವ ಗ್ಯಾಂಗ್‌ಮನ್‌ನ ಗುಡಿಸಲು ಅಂದೆ. ಹಳಿಯ ಉಕ್ಕು ಬಿಸಿಲಿಗೆ ಗಾಳಿಗಿಂತ ಇಪ್ಪತ್ತು ಡಿಗ್ರಿಯಷ್ಟು ಹೆಚ್ಚು ಕಾಯುತ್ತದೆ. ಬಿಗಿ ಹಿಡಿಯದೆ ಬಿಟ್ಟರೆ 50 ಡಿಗ್ರಿ ಏರಿಕೆಗೆ 1 ಕಿ.ಮೀ. ಹಳಿ ಅರ್ಧ ಮೀಟರಿಗೂ ಹೆಚ್ಚು ಬೆಳೆಯುತ್ತದೆ. ಹಾಗೆ ಬೆಳೆಯಲು ಬಿಡದೆ ಹಿಡಿದಿಡುವುದರಿಂದಲೇ ಹಳಿ ಸೊಟ್ಟಗಾಗುವ ಭಯ. ಆ ಭಯ ಅತಿ ಹೆಚ್ಚು ಇರುವುದು ಉರಿಬಿಸಿಲಿನ ಮಧ್ಯಾಹ್ನ. ಆಗಲೇ ಜನ ಹಳಿಯುದ್ದಕ್ಕೂ ನಡೆದು ನೋಡಬೇಕು. ಅವರಿಗೆ ನಡೆದು ತಲುಪುವಷ್ಟು ದೂರಕ್ಕೆ ಒಂದೊಂದು ನೆರಳು ಬೇಕು. ಮೂರು ಕಡೆ ಅಲ್ಲಿಯದೇ ಕಲ್ಲಿನ ದಪ್ಪ ಗೋಡೆ, ಗಾಳಿ ಬರುವ ದಿಕ್ಕಿಗೆ ಬೆನ್ನು, ಹಳಿಯ ಕಡೆ ತೆರೆದ ಬಾಯಿ, ಮೇಲೆ ಎರಡು ಪದರದ ಚಾವಣಿ, ನಡುವೆ ಗಾಳಿಯಾಡಲು ಸಂದು. ಒಳಗೆ ಕಟ್ಟೆ, ನೀರಿನ ತೊಟ್ಟಿ, ಸಲಕರಣೆ ಇಡುವ ಗೂಡು. ಇದನ್ನು ಒಬ್ಬ ವಿದ್ಯಾರ್ಥಿ ಸರಿಯಾಗಿ ಬರೆದು, ಆ ಜಾಗದ ಗಾಳಿಯಲ್ಲಿ ಮರಳು ಅದರ ಬಾಗಿಲಲ್ಲಿ ನಿಲ್ಲುತ್ತದೋ ದಾಟುತ್ತದೋ ಅಂತ ಒಂದು ವರ್ಷ ನೋಡಿದರೆ, ಆಮೇಲೆ ನಿಲ್ದಾಣ ಬರೆಯಲು ನಾನು ಧೈರ್ಯವಾಗಿ ಅವರಿಗೇ ಕೊಡುತ್ತೇನೆ.